ಹುಲಿಕಲ್ಲಿಗೂ ಸುರಪುರಕ್ಕೂ ಒಂದೇ 1.20 ಲಕ್ಷ: ವಸತಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ವಸತಿ ಸಚಿವರಿಗೆ,

ನಮಸ್ಕಾರಗಳು.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನೌಕರಿಯ ಮೊದಲ ಹನ್ನೊಂದು ವರ್ಷ ಸುರಪುರ ತಾಲ್ಲೂಕಿನಲ್ಲಿ ಕಳೆದೆ. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಆಮೇಲೆ ಊರಿಗೆ ವರ್ಗವಾಗಿ ಬಂದೆ. ಹಳ್ಳಿಯ ಮೇಷ್ಟರೆಂದ ಮೇಲೆ ಅರ್ಜಿ ಬರೆದುಕೊಡುವುದು ಪಾಠದಷ್ಟೇ ದೊಡ್ಡ ಕೆಲಸ. ಆಶ್ರಯ ಮನೆಯ ಕಾಲದಿಂದ ಇಂದಿನ ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನ ಮಂತ್ರಿ ಆವಾಸ್ ಯೋಜನೆಯವರೆಗೆ ಎರಡೂ ಸೀಮೆಯ ಜನರಿಗೆ ನೂರಾರು ಅರ್ಜಿ ಬರೆದುಕೊಟ್ಟಿದ್ದೇನೆ. ಅವುಗಳಲ್ಲಿ ಎಷ್ಟು ಮನೆಯಾದವು, ಎಷ್ಟು ಅರ್ಧಕ್ಕೆ ನಿಂತವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆ ಅಧಿಕಾರದ ಮೇಲೆಯೇ ಈ ಪತ್ರ.

ನಮ್ಮ ಕೇರಿಯಲ್ಲಿ ಅಡಿಕೆ ಸುಲಿಯುವ ಕೂಲಿ ಮಾಡಿ ಬದುಕುವ ಒಬ್ಬ ವಿಧವೆ ಇದ್ದಾರೆ. ಅವರ ಹೆಸರಿಗೆ 'ಮನೆ ಬಂತು' ಎಂದು ಪಂಚಾಯಿತಿಯಿಂದ ಸುದ್ದಿ ಬಂದ ದಿನ ಇಡೀ ಕೇರಿಗೆ ಸಂತೋಷವಾಗಿತ್ತು. ಇವತ್ತು ಆ ಮನೆ ಲಿಂಟಲ್ ಮಟ್ಟದಲ್ಲಿ ನಿಂತಿದೆ. ಎರಡು ಮಳೆಗಾಲ ಕಳೆದಿವೆ. ಜಂಬಿಟ್ಟಿಗೆ ಗೋಡೆಯ ಮೇಲೆ ಹಾವಸೆ ಬೆಳೆದು ಕೆಂಪು ಕಲ್ಲು ಕಪ್ಪಾಗಿದೆ. ಸಂದುಗಳಲ್ಲಿ ಜರಿಗಿಡ ಎದ್ದಿದೆ. ಮೇಲಕ್ಕೆ ಚಾಚಿಕೊಂಡ ಕಂಬಿಗಳ ತುದಿಗೆ ಆಕೆ ಖಾಲಿ ಹಾಲಿನ ಪ್ಯಾಕೆಟ್ ತೊಡಿಸಿ ಬಾಳೆನಾರಿನಲ್ಲಿ ಕಟ್ಟಿದ್ದಾರೆ, ತುಕ್ಕು ಹಿಡಿಯದಿರಲಿ ಎಂದು. ಎಣಿಸಿದೆ, ಹದಿನಾರು ಕಂಬಿ, ಹದಿನಾರು ಪ್ಯಾಕೆಟ್. ಪಕ್ಕದಲ್ಲೇ ಸೋಗೆ ಹೊದಿಸಿದ ಹಳೆಯ ಬಿಡಾರ. ವಾಸ ಅಲ್ಲೇ.

ಆಕೆಯ ಮಗಳು ಪಿಯುಸಿ ಓದುತ್ತಿದ್ದಾಳೆ. ಮನೆಯ ಖರ್ಚನ್ನೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ನನ್ನ ಶಾಲೆಯಲ್ಲೇ ಕಲಿತವಳು, ಅಕ್ಷರ ಗುಂಡಾಗಿದೆ. ಮೊದಲ ಪುಟದಲ್ಲಿ ಜೆಸಿಬಿ. ನಮ್ಮಲ್ಲಿ ಚಪ್ಪಟೆ ನೆಲವೆಂಬುದು ಗದ್ದೆಯಲ್ಲಿ ಮಾತ್ರ ಸಿಗುತ್ತದೆ. ಬಡವರಿಗೆ ದಕ್ಕುವುದು ಗುಡ್ಡದ ಇಳಿಜಾರು. ಧರೆ ಕಡಿದು ಸಮ ಮಾಡದೆ ತಳಪಾಯದ ದಾರ ಕಟ್ಟಲಾಗುವುದಿಲ್ಲ. ಆಮೇಲೆ ತಳಪಾಯದ ಕಲ್ಲು, ಅದರ ಬಾಡಿಗೆ. ಮೂರನೇ ಪುಟದಲ್ಲಿ ಜಂಬಿಟ್ಟಿಗೆ: 1,250 ಕಲ್ಲು, ಒಂದಕ್ಕೆ 44 ರೂಪಾಯಿ, ಒಟ್ಟು 55,000. ಅದು ಲಾರಿ ನಿಲ್ಲುವ ಡಾಂಬರು ರಸ್ತೆಯವರೆಗಿನ ದರ. ಅಲ್ಲಿಂದ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಹೋಗದ ಕಡೆ ತಲೆಹೊರೆ. ತಲೆಹೊರೆಯ ಪುಟದಲ್ಲಿ ಆ ಹುಡುಗಿ ತನ್ನ ಮತ್ತು ತಾಯಿಯ ದುಡಿಮೆಯನ್ನು ಬರೆದಿಲ್ಲ. ಕೂಲಿಯವರಿಗೆ ಕೊಟ್ಟಿದ್ದನ್ನಷ್ಟೇ ಬರೆದಿದ್ದಾಳೆ. ಲಿಂಟಲ್ ತನಕದ ಮೊತ್ತ 1,86,000. ಅಷ್ಟರಲ್ಲಿ ಸರ್ಕಾರದಿಂದ ಬಂದದ್ದು ಎರಡು ಹಂತದ ಬಿಲ್, 60,000. ಉಳಿದದ್ದು ಸಂಘದ ಸಾಲ, ಕಿವಿಯ ಓಲೆ, ಅಣ್ಣನ ಹತ್ತಿರ ತಂದ ಕೈಗಡ. ಮಾಡಿಗೆ ಬೇಕಾದ ಹೆಂಚು, ಪಕಾಸು, ರೀಪು ಎಂದು ತಲೆಬರಹ ಹಾಕಿದ ಪುಟ ಖಾಲಿ ಇದೆ.

ಸ್ವಾಮಿ, ಈ ಹೆಂಗಸು ದುಂದು ಮಾಡಿದವರಲ್ಲ. ಮಂಜೂರಾದ ಅಳತೆಯ ಒಳಗೇ ಕಟ್ಟಿಸಿದ್ದಾರೆ. ಅವರನ್ನು ನಿಲ್ಲಿಸಿದ್ದು ಒಂದು ಅಂಕಿ. ರಾಜ್ಯದ ಯಾವ ಮೂಲೆಯಲ್ಲಿ ಕಟ್ಟಿದರೂ, ಯಾವ ಮಣ್ಣಿನಲ್ಲಿ ಕಟ್ಟಿದರೂ, ಯಾವ ಮಳೆಗೆ ಕಟ್ಟಿದರೂ ಬದಲಾಗದ ಅಂಕಿ: ಒಂದು ಮನೆಗೆ ಸಿಗುವ ಸಹಾಯಧನ, 1.20 ಲಕ್ಷ.

ಈ ಅಂಕಿಯ ಚರಿತ್ರೆ ನಿಮಗೆ ಗೊತ್ತಿರುವುದೇ. ಇಂದಿರಾ ಆವಾಸ್ ಕಾಲದಲ್ಲಿ ಬಯಲು ಪ್ರದೇಶಕ್ಕೆ 70,000, ಗುಡ್ಡಗಾಡಿಗೆ 75,000 ಇತ್ತು. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಯೋಜನೆಯಾದಾಗ ಬಯಲಿಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಎಂದಾಯಿತು. ಮನೆಯ ಕನಿಷ್ಠ ಅಳತೆ 20ರಿಂದ 25 ಚದರ ಮೀಟರಿಗೆ ಏರಿತು. 2024ರ ಆಗಸ್ಟ್‌ನಲ್ಲಿ ಯೋಜನೆಯನ್ನು 2029ರವರೆಗೆ ವಿಸ್ತರಿಸಿ ಇನ್ನೂ ಎರಡು ಕೋಟಿ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅಷ್ಟೇ ಉಳಿಯಿತು. ಎಂಟು ವರ್ಷದಲ್ಲಿ ಮೇಸ್ತ್ರಿ ಕೂಲಿ, ಕಲ್ಲು, ಮರಳು, ಕಬ್ಬಿಣ, ಡೀಸೆಲ್ ಯಾವುದೂ ಇದ್ದಲ್ಲಿ ಇರಲಿಲ್ಲ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನವರೆಗೂ ಶೇ 28 ಇತ್ತು, ಈಗ ಶೇ 18. ಬಡವನಿಗೆ ಕೊಟ್ಟ ಸಹಾಯಧನದಲ್ಲಿ ಒಂದು ಪಾಲು ಅಂಗಡಿಯ ಬಿಲ್ಲಿನ ಮೂಲಕ ಸರ್ಕಾರಕ್ಕೇ ಮರಳಿ ಹೋಗುತ್ತಿದೆ ಎಂಬುದನ್ನು ಹಣಕಾಸು ಇಲಾಖೆಯವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ದರ ಕಡಿಮೆ ಎಂಬ ದೂರು ಹಳೆಯದು, ಎಲ್ಲರೂ ಹೇಳುವಂಥದು. ನಾನು ಹೇಳಹೊರಟಿರುವುದು ಇನ್ನೊಂದು. ಈ ಹಣವನ್ನು ಸೀಮೆ ಸೀಮೆಗೆ ಹಂಚುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ಹಾಕಿದ್ದೇವೆ. ಯಾವ ತಾಲ್ಲೂಕಿಗೆ ಎಷ್ಟು ಮನೆ ಎಂಬುದು ಒಂದು. ಅದನ್ನು ಬಡತನ ನೋಡಿ ತೀರ್ಮಾನಿಸಬೇಕು. ಒಂದು ಮನೆಗೆ ಎಷ್ಟು ಹಣ ಎಂಬುದು ಇನ್ನೊಂದು. ಅದನ್ನು ನೆಲ ನೋಡಿ ತೀರ್ಮಾನಿಸಬೇಕು. ಈಗ ಎಣಿಕೆಯಲ್ಲಿ ಬಡತನಕ್ಕೆ ಸಿಗಬೇಕಾದ ತೂಕ ಸಿಗುತ್ತಿಲ್ಲ, ದರದಲ್ಲಿ ನೆಲಕ್ಕೆ ಜಾಗವೇ ಇಲ್ಲ.

ಮೊದಲು ನೆಲದ ಮಾತು. ನಮ್ಮ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅತ್ತ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸುರಪುರದಲ್ಲಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಅಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಮಣ್ಣಿನ ಮಾಳಿಗೆ. ಕಲ್ಲು ಹೊಲದ ಬದಿಯಲ್ಲೇ ಸಿಗುತ್ತಿತ್ತು, ನೆಲಕ್ಕೆ ಹಾಸಲು ಶಹಾಬಾದ್ ಪರಸಿ ಇತ್ತು, ಗೋಡೆ ಒಂದೂವರೆ ಮೊಳ ದಪ್ಪ. ಇಲ್ಲಿ ಮೊದಲ ಆರಿದ್ರಾ ಮಳೆಗೇ ಅಂಥ ಮಾಳಿಗೆ ಕರಗಿ ಅಂಗಳಕ್ಕೆ ಇಳಿಯುತ್ತದೆ. ಇಲ್ಲಿ ಗೋಡೆಯನ್ನು ಎರಚಲಿನಿಂದ ಕಾಯಬೇಕು, ಮಾಡನ್ನು ನಾಲ್ಕೂ ಕಡೆ ಚಾಚಬೇಕು, ಮನೆಯ ಹಿಂದಿನ ಧರೆ ಕುಸಿಯದಂತೆ ಕಲ್ಲು ಕಟ್ಟಬೇಕು. ಚಾಚಿದ ಮಾಡಿನ ಕೆಳಗಿನ ಜಾಗ ಮಂಜೂರಾತಿಯ ಅಳತೆಯಲ್ಲಿ ಬರುವುದಿಲ್ಲ. ಅದಿಲ್ಲದೆ ಒಳಗಿನ 25 ಚದರ ಮೀಟರ್ ಒದ್ದೆಯಾಗದೆ ಉಳಿಯುವುದೂ ಇಲ್ಲ.

ಈ ಭೇದವನ್ನು ಸರ್ಕಾರ ಅರಿಯದ್ದೇನಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ತೆರೆದು ನೋಡಿ. ಗುತ್ತಿಗೆದಾರ ಮಲೆನಾಡಿನಲ್ಲಿ ಮೋರಿ ಕಟ್ಟಿದರೆ ಪ್ರದೇಶದ ಕಷ್ಟಕ್ಕೆಂದು ಮೂಲ ದರದ ಮೇಲೆ ಇಂತಿಷ್ಟು ಶೇಕಡಾ ಸೇರಿಸುವ ಪದ್ಧತಿ ಇದೆ. ಅದು ನ್ಯಾಯವಾದದ್ದೇ. ಗುಡ್ಡಕ್ಕೆ ಜಲ್ಲಿ ಸಾಗಿಸುವುದು ಕಷ್ಟ. ಅದೇ ಗುಡ್ಡಕ್ಕೆ ಅದೇ ಜಲ್ಲಿಯನ್ನು ಒಬ್ಬ ವಿಧವೆ ಸಾಗಿಸಿದರೆ ಕಷ್ಟ ಕಡಿಮೆಯಾಗುತ್ತದೆಯೇ? ಗುತ್ತಿಗೆದಾರನಿಗೆ ಒಪ್ಪಿದ ಸತ್ಯವನ್ನು ಫಲಾನುಭವಿಗೆ ಏಕೆ ಒಪ್ಪುವುದಿಲ್ಲ?

ಮನೆಗಳ ವಿಷಯದಲ್ಲೂ ಸರ್ಕಾರ ಸತ್ಯ ಒಪ್ಪಿಕೊಂಡ ಸಂದರ್ಭಗಳಿವೆ. 2019ರ ಆಗಸ್ಟ್‌ನ ನೆರೆಯಲ್ಲಿ ಪೂರ್ತಿ ಬಿದ್ದುಹೋದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಕೊಡಲು ತೀರ್ಮಾನಿಸಿತು. ಅದಕ್ಕೂ ಮೊದಲು, 2018ರಲ್ಲಿ ಕೊಡಗಿನ ಗುಡ್ಡ ಕುಸಿದು ಬೀದಿಗೆ ಬಿದ್ದವರಿಗೆ ಜಂಬೂರು, ಮದೆನಾಡು ಮುಂತಾದ ಕಡೆ ಸರ್ಕಾರವೇ ಕಟ್ಟಿಸಿದ ಮನೆಗಳಿಗೆ ಒಂದೊಂದಕ್ಕೂ ಹತ್ತು ಲಕ್ಷದ ಹತ್ತಿರ ವೆಚ್ಚವಾಯಿತು. ಆ ಮನೆಗಳ ಬಗ್ಗೆ ನನ್ನ ತಕರಾರಿಲ್ಲ. ಅಷ್ಟು ಕಳೆದುಕೊಂಡವರಿಗೆ ಅಷ್ಟಾದರೂ ಸಿಗಲೇಬೇಕಿತ್ತು. ಆದರೆ ಗುಡ್ಡಗಾಡಿನಲ್ಲಿ ಬಾಳಿಕೆ ಬರುವ ಮನೆಗೆ ಎಷ್ಟು ಬೇಕು ಎಂಬ ಲೆಕ್ಕ ನಿಮ್ಮ ಕಡತದಲ್ಲೇ ಇದೆ ಎಂದಾಯಿತಲ್ಲ. ಬಿದ್ದ ಮನೆಗೆ ಒಂದು ಲೆಕ್ಕ, ಎಂದೂ ಮನೆಯೇ ಇಲ್ಲದವರಿಗೆ ಇನ್ನೊಂದು ಲೆಕ್ಕ ಎಂದರೆ, ಮನೆ ಕಟ್ಟಿಕೊಳ್ಳಲು ಒಮ್ಮೆಯೂ ಆಗದವರೇ ಹೆಚ್ಚು ಬಡವರೆಂಬುದನ್ನು ಮರೆತಂತೆ.

ಗಡಿಯ ಆಚೆಗೂ ಒಮ್ಮೆ ನೋಡಿ. ವಿಟ್ಲದಿಂದ ಹೊರಟು ಗಡಿ ದಾಟಿ ಮಂಜೇಶ್ವರ ತಾಲ್ಲೂಕಿಗೆ ಹೋದರೆ ಕಲ್ಲು ಅದೇ, ಮಳೆ ಅದೇ, ಹೆಂಚು ಅದೇ. ಮನೆಯೊಳಗಿನ ಮಾತು ಸಹ ಎಷ್ಟೋ ಕಡೆ ಕನ್ನಡ, ತುಳು. ಅಲ್ಲಿ ಕೇರಳದ ಲೈಫ್ ಮಿಷನ್ ಒಂದು ಮನೆಗೆ 4 ಲಕ್ಷ ಕೊಡುತ್ತದೆ. ಬುಡಕಟ್ಟು ಹಾಡಿಗಳಿಗೆ 6 ಲಕ್ಷ. ರಾಯಚೂರಿನಿಂದ ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿ 2024ರ ಮಾರ್ಚ್‌ನಲ್ಲಿ ಆರಂಭವಾದ ಇಂದಿರಮ್ಮ ಮನೆಗಳ ಯೋಜನೆಯಲ್ಲಿ 5 ಲಕ್ಷ. ತಮಿಳುನಾಡಿನ ಕಲೈಞರ್ ಕನಸಿನ ಮನೆ ಯೋಜನೆಯಲ್ಲಿ 3.50 ಲಕ್ಷ. ಆ ರಾಜ್ಯಗಳಿಗೆ ಕೇಂದ್ರದಿಂದ ಬೇರೆ ದರದ ಹಣವೇನೂ ಬರುವುದಿಲ್ಲ. 1.20 ಲಕ್ಷದಲ್ಲಿ ಕೇಂದ್ರದ ಪಾಲು ಶೇ 60, ಅಂದರೆ 72,000. ರಾಜ್ಯದ ಪಾಲು 48,000. ಅದಕ್ಕೆ ಮೇಲೆ ಸೇರಿಸಲು ರಾಜ್ಯಕ್ಕೆ ಯಾರ ಅಡ್ಡಿಯೂ ಇಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ ಗ್ರಾಮೀಣ ಪ್ರದೇಶದಲ್ಲಿ 1.75 ಲಕ್ಷ ಕೊಡುವ ಸರಿಯಾದ ನಿರ್ಧಾರವನ್ನು ಕರ್ನಾಟಕವೇ ಮಾಡಿದೆ. ಸಾಮಾಜಿಕ ಕಷ್ಟವನ್ನು ನೋಡಿ ದರ ಬದಲಿಸಬಹುದಾದರೆ ನೆಲದ ಕಷ್ಟವನ್ನು ನೋಡಿಯೂ ಬದಲಿಸಬಹುದು.

ದೆಹಲಿಯ ಮಾರ್ಗಸೂಚಿಯಲ್ಲೇ ಒಂದು ಬಾಗಿಲು ತೆರೆದಿದೆ. ಗುಡ್ಡಗಾಡು ರಾಜ್ಯಗಳ ಜೊತೆಗೆ 'ದುರ್ಗಮ ಪ್ರದೇಶ' ಎಂಬ ವರ್ಗಕ್ಕೂ ಅಲ್ಲಿ ಹೆಚ್ಚಿನ ದರವಿದೆ. ಸಾಮಗ್ರಿ ಸುಲಭವಾಗಿ ಸಿಗದ, ರಸ್ತೆ ಸಂಪರ್ಕ ಸರಿಯಿಲ್ಲದ, ಭೂರಚನೆ ಮತ್ತು ಹವಾಮಾನದ ಕಾರಣದಿಂದ ನಿರ್ಮಾಣ ವೆಚ್ಚ ಏರುವ ಪ್ರದೇಶಗಳು ಎಂದು ಅದರ ವಿವರಣೆ. ಅಂಥವನ್ನು ಗುರುತಿಸುವ ಕೆಲಸ ರಾಜ್ಯ ಸರ್ಕಾರಗಳದ್ದು. ಪಶ್ಚಿಮ ಘಟ್ಟದ ತಾಲ್ಲೂಕುಗಳನ್ನು ಬಿಟ್ಟರೆ ಈ ವಿವರಣೆಗೆ ಇನ್ನಾವುದು ಹೊಂದುತ್ತದೆ? ಶಿವಮೊಗ್ಗದಲ್ಲಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಎಂಬ ಸಂಸ್ಥೆಯನ್ನೇ ಇಟ್ಟುಕೊಂಡಿರುವ ರಾಜ್ಯಕ್ಕೆ ಯಾವುದು ಮಲೆನಾಡು ಎಂದು ಹೊಸದಾಗಿ ಹುಡುಕುವ ಶ್ರಮವೂ ಇಲ್ಲ. ಸಿಗುವುದು ಹತ್ತು ಸಾವಿರವೇ ಇರಬಹುದು. ಆದರೂ ಕೇಳಿ ಪಡೆಯಿರಿ. ಹತ್ತು ಸಾವಿರಕ್ಕೆ ಇನ್ನೂರಕ್ಕೂ ಹೆಚ್ಚು ಜಂಬಿಟ್ಟಿಗೆ ಕಲ್ಲು ಬರುತ್ತದೆ.

ಇಷ್ಟು ಓದಿದ ಮೇಲೆ ಕಲ್ಯಾಣ ಕರ್ನಾಟಕದ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ. ಶಿವಮೊಗ್ಗದವರು ಯಾದಗಿರಿಯವರಿಗಿಂತ ಮುಂದಿದ್ದಾರೆ, ಅವರಿಗೆ ಇನ್ನೂ ಹೆಚ್ಚು ಕೊಡಬೇಕೇ? ನ್ಯಾಯವಾದ ಪ್ರಶ್ನೆ. ಅಲ್ಲಿ ಹನ್ನೊಂದು ವರ್ಷ ಅನ್ನ ಉಂಡವನು ನಾನು. ಅದನ್ನು ತಪ್ಪಿಸಿಕೊಂಡು ಹೋಗಲಾರೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗವೊಂದರಲ್ಲೇ ಇದ್ದವು. ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಯೋಜನೆಯನ್ನೂ ಸೂಚಿಸಿತು. ಆಮೇಲೆ ಆ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಅದಕ್ಕೆ ವರ್ಷಕ್ಕೆ 5,000 ಕೋಟಿ ಎಂದು ಬಜೆಟ್‌ಗಳಲ್ಲಿ ಘೋಷಣೆಯಾಯಿತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಇನ್ನೊಂದು ಸಮಿತಿಯನ್ನು ಸರ್ಕಾರ ರಚಿಸಿತು. ಹೀಗೆ ಇಡೀ ರಾಜ್ಯ ಇಪ್ಪತ್ತು ವರ್ಷದಿಂದ ತಾಲ್ಲೂಕಿನ ಲೆಕ್ಕದಲ್ಲಿ ಯೋಚಿಸಲು ಕಲಿತಿದೆ. ವಸತಿ ಇಲಾಖೆಯ ಗುರಿ ಹಂಚಿಕೆ ಮಾತ್ರ ನಾನು ಕಂಡ ಎಷ್ಟೋ ವರ್ಷಗಳಲ್ಲಿ ಪಂಚಾಯಿತಿಗೆ ಇಷ್ಟು, ಕ್ಷೇತ್ರಕ್ಕೆ ಇಷ್ಟು ಎಂಬ ತಲೆಲೆಕ್ಕದಲ್ಲೇ ನಡೆದಿದೆ. ಸೂರಿಲ್ಲದವರು ಹತ್ತು ಜನ ಇರುವ ಪಂಚಾಯಿತಿಗೂ ಮುನ್ನೂರು ಜನ ಇರುವ ಪಂಚಾಯಿತಿಗೂ ಹೆಚ್ಚುಕಡಿಮೆ ಒಂದೇ ಪಟ್ಟಿ. ಇಲ್ಲಿ ಕಲ್ಯಾಣ ಕರ್ನಾಟಕಕ್ಕೆ ಅನ್ಯಾಯವಾಗಿದೆ. ಮನೆಗಳ ಸಂಖ್ಯೆಯಲ್ಲಿ ಸುರಪುರ, ದೇವದುರ್ಗ, ಜೇವರ್ಗಿಗೆ ನಮ್ಮ ತಾಲ್ಲೂಕಿಗಿಂತ ಎಷ್ಟೋ ಪಟ್ಟು ಹೆಚ್ಚು ಸಿಗಬೇಕು. ನಮ್ಮ ಪಾಲಿನ ಎಣಿಕೆ ಕಡಿಮೆಯಾದರೂ ನಾನು ಒಪ್ಪುತ್ತೇನೆ, ಊರಿನಲ್ಲಿ ಯಾರು ಏನೇ ಅಂದರೂ. ಹತ್ತು ಮನೆ ಕೊಟ್ಟು ಆರನ್ನು ಲಿಂಟಲ್‌ನಲ್ಲಿ ನಿಲ್ಲಿಸುವುದಕ್ಕಿಂತ ಆರೇ ಮನೆ ಕೊಟ್ಟು ಆರಕ್ಕೂ ಹೆಂಚು ಹೊದಿಸುವುದು ಮೇಲು.

ಇನ್ನು ಅಲ್ಲಿನ ಮನೆಯ ದರದ ವಿಷಯ. ಕಲ್ಲು ಅಗ್ಗ, ನೆಲ ಸಮ ಎಂದ ಮಾತ್ರಕ್ಕೆ ಅಲ್ಲಿ 1.20 ಲಕ್ಷ ಸಾಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಕಷ್ಟ ಬೇರೆ ಜಾಗದಲ್ಲಿ ಕಚ್ಚುತ್ತದೆ. ಕಟ್ಟುವ ಕಾಲ ಬೇಸಿಗೆ. ಆಗ ಕುಡಿಯುವ ನೀರಿಗೇ ಕೊಡ ಸಾಲು ಹಚ್ಚಬೇಕು. ಸಿಮೆಂಟು ಗೋಡೆಗೆ ದಿನಕ್ಕೆರಡು ಸಲ ನೀರು ಹಾಕುವವರು ಯಾರು? ಟ್ಯಾಂಕರ್ ತರಿಸಬೇಕು. ತರಿಸಲಾಗದವರ ಗೋಡೆ ಉಗುರಿನಲ್ಲಿ ಕೆರೆದರೆ ಉದುರುತ್ತದೆ. ನಾನು ಪಾಠ ಮಾಡುತ್ತಿದ್ದ ಹಳ್ಳಿಯ ಅಂಚಿಗೆ ಒಂದು ಸಾಲು ಜನತಾ ಮನೆಗಳಿದ್ದವು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಆ ಕಾಂಕ್ರೀಟು ಛಾವಣಿಯ ಕೆಳಗೆ ಕೂತು ನೋಡಿದ್ದೇನೆ. ಗೋಡೆಗೆ ಬೆನ್ನು ಕೊಡಲಾಗದಷ್ಟು ಬಿಸಿ. ಜನ ಜೋಳದ ಚೀಲ, ಆಡಿನ ಮರಿಗಳನ್ನು ಒಳಗಿಟ್ಟು ತಾವು ಬೇವಿನ ಮರದ ಕೆಳಗೆ ಮಲಗುತ್ತಿದ್ದರು. ಅವರ ಹಿರಿಯರು ಕಟ್ಟಿದ ದಪ್ಪ ಗೋಡೆಯ ಮಾಳಿಗೆ ಮನೆ ತಂಪಾಗಿತ್ತು. ಸರ್ಕಾರದ ಹಣ ಅವರನ್ನು ತಂಪಿನಿಂದ ಬಿಸಿಗೆ ತಂದು ಕೂರಿಸಿತು. ಬಿಸಿಲು ತಡೆಯುವ ಛಾವಣಿಗೆ, ದಪ್ಪ ಗೋಡೆಗೆ, ನೀರಿಗೆ ಅಲ್ಲಿ ಪ್ರತ್ಯೇಕ ಹಣ ಬೇಕು, ಇಲ್ಲಿ ಧರೆಗೆ, ಮಾಡಿಗೆ ಬೇಕಾದಂತೆಯೇ. ನೆಲ ನೋಡಿ ದರ ಎಂದರೆ ನನ್ನ ಅರ್ಥ ಇದು.

ಹಣ ಬರುವ ತಿಂಗಳೂ ಹಣದಷ್ಟೇ ಮುಖ್ಯ. ಈ ವಿಷಯ ಬೆಂಗಳೂರಿನ ಕಚೇರಿಗಳಿಗೆ ತಲುಪಿದ್ದನ್ನು ನಾನು ಕಂಡಿಲ್ಲ. ಮಲೆನಾಡಿನಲ್ಲಿ ಗೋಡೆ ಎಬ್ಬಿಸಲು ಸಿಗುವ ಕಾಲ ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ, ಅಷ್ಟೇ. ಅದರಲ್ಲೂ ಮೊದಲ ಎರಡು ತಿಂಗಳು ಅಡಿಕೆ ಕೊಯ್ಲು, ಕೂಲಿಯವರು ಸಿಗುವುದಿಲ್ಲ. ಆರ್ಥಿಕ ವರ್ಷದ ಗುರಿ ನಿಗದಿಯಾಗಿ, ಗ್ರಾಮಸಭೆ ನಡೆದು, ಪಟ್ಟಿ ಮೇಲೆ ಹೋಗಿ, ಮಂಜೂರಾತಿ ಆದೇಶ ಕೈಸೇರುವ ಹೊತ್ತಿಗೆ ಎಷ್ಟೋ ಸಲ ಮಾರ್ಚ್ ಬಂದಿರುತ್ತದೆ. ಆಮೇಲೆ ಎರಡು ತಿಂಗಳಲ್ಲಿ ತಳಪಾಯ ತೋಡಿ, ಗೋಡೆ ಎಬ್ಬಿಸಿ, ಮಾಡು ಹೊದಿಸಬೇಕು. ಆಗಲಿಲ್ಲವೆಂದರೆ ಮೃಗಶಿರಾ ಮಳೆ ಹಿಡಿಯುತ್ತದೆ; ತೋಡಿದ ತಳಪಾಯದಲ್ಲಿ ಕಪ್ಪೆ ಮೊಟ್ಟೆ ಇಡುತ್ತದೆ. ಮುಂದಿನ ಡಿಸೆಂಬರ್‌ವರೆಗೆ ಕೆಲಸವಿಲ್ಲ. ಅಷ್ಟರಲ್ಲಿ 'ನಿಗದಿತ ಅವಧಿಯಲ್ಲಿ ಪ್ರಗತಿ ಸಾಧಿಸಿಲ್ಲ' ಎಂಬ ನೋಟಿಸ್ ಬರುತ್ತದೆ. ಮನೆ ಬ್ಲಾಕ್ ಆಯಿತು ಎಂಬುದು ನಮ್ಮ ಕಡೆ ಈಗ ಹಳ್ಳಿಯ ಮುದುಕಿಯರ ಬಾಯಲ್ಲೂ ಬರುವ ಮಾತು.

ಸುರಪುರದ ಕಡೆ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುತ್ತಾರೆ: ಬೆಂಗಳೂರು, ಪುಣೆ, ಮುಂಬೈ. ಹೊಲದಲ್ಲಿ ಕೆಲಸವಿಲ್ಲದ ಆ ತಿಂಗಳುಗಳೇ ಮನೆ ಕಟ್ಟುವ ತಿಂಗಳುಗಳೂ ಹೌದು. ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ಹಂತಹಂತಕ್ಕೂ ಫಲಾನುಭವಿ ಮನೆಯ ಮುಂದೆ ನಿಂತು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ಹೊಡೆಸಬೇಕು. ಮೊದಲ ಬಿಲ್ಲು ಬರುವುದೇ ತಳಪಾಯ ಮುಗಿದ ಮೇಲೆ. ತಳಪಾಯಕ್ಕೆ ಹಣ ಬೇಕೆಂದರೆ ದುಡಿಯಲು ಗುಳೆ ಹೋಗಬೇಕು, ಗುಳೆ ಹೋದರೆ ಜಿಪಿಎಸ್‌ಗೆ ನಿಲ್ಲುವವರಿಲ್ಲ. ಫೋಟೊ ಬೇಡ ಎಂದು ನಾನು ಹೇಳುವುದಿಲ್ಲ. ಕಟ್ಟದ ಮನೆಗೆ ಬಿಲ್ಲು ಎತ್ತಿದ ಕಾಲವನ್ನೂ ಕಂಡಿದ್ದೇನೆ. ಆ ಫೋಟೊ ಬಂದ ಮೇಲೆ ಅದು ಬಹಳ ಮಟ್ಟಿಗೆ ನಿಂತಿತು. ಆದರೆ ಗುಳೆ ಹೋಗುವ ತಾಲ್ಲೂಕುಗಳಲ್ಲಿ ಮೊದಲ ಕಂತನ್ನು ತಳಪಾಯಕ್ಕೆ ಮುಂಚೆಯೇ ಕೊಡಬೇಕು, ಫಲಾನುಭವಿಯ ಬದಲು ಮನೆಯ ಇನ್ನೊಬ್ಬ ಸದಸ್ಯರು ನಿಂತರೂ ಫೋಟೊವನ್ನು ಒಪ್ಪಬೇಕು. ಮಲೆನಾಡು, ಕರಾವಳಿಗೆ ಆದೇಶ ನವೆಂಬರ್ ಒಳಗೆ ಕೈಸೇರಬೇಕು, ಮಳೆಗಾಲದ ನಾಲ್ಕು ತಿಂಗಳನ್ನು ಅವಧಿಯ ಲೆಕ್ಕದಿಂದ ಬಿಡಬೇಕು. ಇದಕ್ಕೆ ಬಜೆಟ್‌ನಲ್ಲಿ ಒಂದು ರೂಪಾಯಿಯೂ ಹೆಚ್ಚು ಬೇಡ. ಒಂದು ಸುತ್ತೋಲೆ ಸಾಕು.

ನಿವೇಶನದ ಮಾತನ್ನು ಹೇಳದೆ ಮುಗಿಸಿದರೆ ಪತ್ರ ಅರ್ಧವಾಗುತ್ತದೆ. ಜಾಗ ತನ್ನ ಹೆಸರಿನಲ್ಲಿ ಇಲ್ಲದವರಿಗೆ ಈ ಯಾವ ಯೋಜನೆಯೂ ಇಲ್ಲ. ಕಡುಬಡವರು ಪಟ್ಟಿಯಿಂದ ಜಾರುವುದು ಇಲ್ಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಮ್ಮ ಸೀಮೆಯ ಹಳ್ಳಿಗಳು ಮುಳುಗಿದವು. ರಾಜ್ಯಕ್ಕೆ ಬೆಳಕು ಕೊಟ್ಟು ಕಾಡಿನಂಚಿಗೆ ಬಂದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಸಲು 94ಸಿ ಅರ್ಜಿ ಹಾಕಿದರೆ ಅರಣ್ಯ ಇಲಾಖೆಯ ಆಕ್ಷೇಪ; ಆಕ್ಷೇಪ ಬಂದರೆ ಕಡತ ಅಲ್ಲೇ ಮಲಗುತ್ತದೆ. ಕಲ್ಯಾಣ ಕರ್ನಾಟಕದ ತಾಂಡಾಗಳ ಕಥೆಯೂ ತಲೆಮಾರುಗಳ ಕಾಲ ಹೀಗೇ ಇತ್ತು. ಆದರೆ ಅಲ್ಲಿ ಕಂದಾಯ ಕಾನೂನು ತಿದ್ದಿ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆಯಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗುತ್ತದೆ ಎಂದು ಅಲ್ಲಿ ತೋರಿಸಿದ್ದೀರಿ. ಕಂದಾಯ, ಅರಣ್ಯ, ವಸತಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತರೆ ಇಲ್ಲೂ ಆಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಎಷ್ಟು ಮನೆ ಮಂಜೂರು, ಎಷ್ಟು ಕೋಟಿ ಬಿಡುಗಡೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅದರ ಜೊತೆಗೆ ಪ್ರತಿ ತಾಲ್ಲೂಕಿನಲ್ಲಿ ಎಷ್ಟು ಮನೆ ಯಾವ ಹಂತದಲ್ಲಿ ಎಷ್ಟು ವರ್ಷದಿಂದ ನಿಂತಿವೆ ಎಂಬ ಪಟ್ಟಿಯನ್ನೂ ಕನ್ನಡದಲ್ಲಿ ಪ್ರಕಟಿಸಿ, ಪಂಚಾಯಿತಿಯ ಗೋಡೆಗೆ ಅಂಟಿಸಿ. ಜಿಪಿಎಸ್ ಫೋಟೊಗಳಿಂದಾಗಿ ಆ ಮಾಹಿತಿ ರಾಜೀವ್ ಗಾಂಧಿ ವಸತಿ ನಿಗಮದ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಆ ಪಟ್ಟಿಯನ್ನು ಮಳೆಯ ನಕ್ಷೆಯ ಪಕ್ಕದಲ್ಲಿ, ಗುಳೆಯ ನಕ್ಷೆಯ ಪಕ್ಕದಲ್ಲಿ ಇಟ್ಟು ನೋಡಿ. ದರ ಎಲ್ಲಿ ಏರಬೇಕು, ಎಣಿಕೆ ಎಲ್ಲಿ ಏರಬೇಕು ಎಂದು ತಿಳಿಯಲು ಹೊಸ ಸಮಿತಿ ಬೇಕಾಗುವುದಿಲ್ಲ.

ನೋಟ್‌ಬುಕ್ಕಿನ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಲು ಆ ತಾಯಿ ಮಗಳು ಒಪ್ಪಿದ್ದಾರೆ. ದರಪಟ್ಟಿ ಬಲ್ಲ ಎಂಜಿನಿಯರ್ ಒಬ್ಬರನ್ನು ನಮ್ಮಲ್ಲಿಗೆ ಕಳಿಸಿಕೊಡಿ. ಸಾಧ್ಯವಾದರೆ ತಾವೇ ಬನ್ನಿ. ಬರುವುದಾದರೆ ಪುಷ್ಯ ಮಳೆಯಲ್ಲಿ, ಜುಲೈ ಕೊನೆಯ ವಾರದಲ್ಲಿ ಬನ್ನಿ. ಡಾಂಬರು ರಸ್ತೆಯವರೆಗೆ ಕಾರು ಬರುತ್ತದೆ. ಅಲ್ಲಿಂದ ಮುಂದೆ ನಾನು ಕೊಡೆ ಹಿಡಿದು ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ